ಏಳೂಕಾಲಕ್ಕೆ ಕಡಿಯುವ ಮಾತು

"ಗೇಮ್ ಬಾಕ್ಸಿನ್ಯಾಗ ನ್ಯಾಟ್ ಟೈಪ್ ಸ್ಟ್ರಿಕ್ಟ್ ಅಂತ ಬರತೈತ್ರಿ. ಆಟಕ್ಕ ಸೇರಸವಲ್ದು. ಏನ್ ಮಾಡ್ಬೇಕು?"

ಕನ್ಯೆ ನೋಡಲು ಬಂದ ಹುಡುಗ ಕೇಳಿದ ಮೊದಲ ಪ್ರಶ್ನೆ ಇದು!

ಬೈಲಹೊಂಗಲದ ಬಸಯ್ಯನವರ ಮನೆಯ ಪಡಸಾಲೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದ ಕೈಗಳು ಅರ್ಧಕ್ಕೇ ನಿಂತವು. ಅಡುಗೆ ಬರುತ್ತದೆಯೇ, ಎಷ್ಟು ಓದಿದ್ದಾಳೆ ಎಂಬಂಥ ಪ್ರಶ್ನೆಗಳಿಗೆಲ್ಲ ಹುಡುಗಿಯ ಅಪ್ಪ ಬಸಯ್ಯ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದರು. ಈ ಪ್ರಶ್ನೆ ಅವರ ಪಟ್ಟಿಯಲ್ಲೇ ಇರಲಿಲ್ಲ.

ತಲೆ ತಗ್ಗಿಸಿ ಕುಳಿತಿದ್ದ ರಾಜೇಶ್ವರಿ ಮೆಲ್ಲಗೆ ತಲೆ ಎತ್ತಿದಳು.

ಎದುರಿಗೆ ಚಚಡಿಯ ಬಸವಲಿಂಗ. ಬಿಸಿಲಿಗೆ ಕಂದಿದ ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಣ್ಣಿನಲ್ಲಿ ಮಾತ್ರ ಕುಚೇಷ್ಟೆ ಇಲ್ಲ, ನಿಜವಾಗಿಯೂ ಉತ್ತರ ಬೇಕಾದವನ ಆತುರ ಇತ್ತು.

"ರೂಟರ್‌ನ್ಯಾಗ ಯುಪಿಎನ್‌ಪಿ ಅಂತ ಒಂದ ಸೆಟ್ಟಿಂಗ್ ಇರತೈತ್ರಿ," ಎಂದಳು ರಾಜೇಶ್ವರಿ. "ಅದನ್ನ ಆನ್ ಮಾಡ್ರಿ. ಆಮ್ಯಾಲ ರೂಟರ್, ಗೇಮ್ ಬಾಕ್ಸ್ ಎರಡೂ ಬಂದ್ ಮಾಡಿ, ಒಂದ ನಿಮಿಷ ಬಿಟ್ಟು ಚಾಲೂ ಮಾಡ್ರಿ. ಮೊದಲ ರೂಟರ್, ಆಮ್ಯಾಲ ಬಾಕ್ಸ್. ಮತ್ತ... ವೈಫೈ ಮ್ಯಾಲ ಆಡಬ್ಯಾಡ್ರಿ. ವೈರ್ ಎಳೀರಿ."

"ವೈರ್ ಎಳದ್ರ ಮಾತೂ ಸ್ವಚ್ಛ ಕೇಳಸ್ತೈತೇನ್ರಿ?"

"ಸ್ವಚ್ಛ ಕೇಳಸ್ತೈತಿ."

ಅಷ್ಟೇ! ಒಬ್ಬರನ್ನೊಬ್ಬರು ನೋಡಿ ಇಬ್ಬರೂ ನಕ್ಕರು. ಹಿರಿಯರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಬಾಗಿಲ ಮರೆಯಲ್ಲಿ ನಿಂತಿದ್ದ ಅಜ್ಜಿ ಸೋಮವ್ವನಿಗೆ ಆ ನಗು ಅರ್ಥವಾಯಿತು.

ರಾಜೇಶ್ವರಿಗೆ ಇಪ್ಪತ್ತಾರು. ತಾಯಿ ಇಲ್ಲದ ಮನೆಯಲ್ಲಿ ಅಪ್ಪ, ಅಜ್ಜಿಯ ಮುದ್ದಿನಲ್ಲಿ ಬೆಳೆದವಳು. ಡಿಪ್ಲೊಮಾ ಮುಗಿಸಿ, ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಟಿವಿ, ರೂಟರ್, ಗೇಮ್ ಬಾಕ್ಸ್ ರಿಪೇರಿಯ ಅಂಗಡಿ ಹಾಕಿ ಆರು ವರ್ಷವಾಗಿತ್ತು. ಮೊದಮೊದಲು 'ಹುಡುಗಿ ಏನು ರಿಪೇರಿ ಮಾಡ್ತಾಳ' ಎಂದು ಮೂಗು ಮುರಿದವರೇ ಈಗ ಯರಗಟ್ಟಿಯಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಆ ಅಂಗಡಿ ಎಂದರೆ ಅವಳಿಗೆ ಜೀವ.

ಅದಕ್ಕೇ ಎರಡು ಸಂಬಂಧ ಮುರಿದುಬಿದ್ದಿದ್ದವು. 'ಮದುವಿ ಆದ ಮ್ಯಾಲ ಅಂಗಡಿ ಯಾಕ ಬೇಕು?' ಎಂದಿದ್ದರು ಇಬ್ಬರೂ. 'ಹಂಗಾರ ನನಗ ನೀವ ಯಾಕ ಬೇಕು?' ಎಂದಿದ್ದಳು ಇವಳು, ಮನಸ್ಸಿನಲ್ಲೇ.

ಈ ಸಲ ಹಿರಿಯರು ಹದಿನೈದು ದಿನ ಸಮಯ ತೆಗೆದುಕೊಂಡರು. ಒಪ್ಪಿಗೆಯೋ ಇಲ್ಲವೋ, ಆ ಅವಧಿ ಮುಗಿಯುವ ಭಾನುವಾರ ಬೆಳಿಗ್ಗೆ ಬಸಯ್ಯ ಚಚಡಿಗೆ ಫೋನ್ ಮಾಡಿ ಹೇಳಬೇಕು. ಅಲ್ಲಿಯವರೆಗೆ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುವಂತಿಲ್ಲ ಎಂಬುದು ಬಸಯ್ಯನವರ ಕಟ್ಟಪ್ಪಣೆ.

ಫೋನ್ ಬೇಡ ಎಂದರು ನಿಜ. ಆಟ ಬೇಡ ಎಂದು ಯಾರೂ ಹೇಳಲಿಲ್ಲವಲ್ಲ!

ಮೂರನೆಯ ಸಂಜೆ ರಾಜೇಶ್ವರಿ ಮಾಳಿಗೆಯ ಕೋಣೆಯಲ್ಲಿ ಗೇಮ್ ಬಾಕ್ಸ್ ಹಚ್ಚಿದಾಗ, ಪರದೆಯ ಮೇಲೆ ಗೆಳೆತನದ ಕೋರಿಕೆಯೊಂದು ಮೂಡಿತು. 'ಚಚಡಿ_ಬಸು.' ಉಪ್ಪಿಟ್ಟು ತಿಂದು ಹೊರಡುವಾಗ ಅವನು ಆಟದಲ್ಲಿ ಅವಳು ಇಟ್ಟುಕೊಂಡ ಹೆಸರನ್ನು ಅವಳ ಗೆಳತಿ ಶಬನಮ್‌ಳಿಂದ ಕೇಳಿಕೊಂಡು ಹೋಗಿದ್ದ. ಶಬನಮ್ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವಳು, ಇಂಥ ವಿಷಯದಲ್ಲಿ ಎರಡು ಹೆಜ್ಜೆ ಮುಂದೆಯೇ.

ಆಟ ಸರಳ. ಘಟ್ಟದ ದಾರಿ, ಒಂದು ಲಾರಿ, ಹಿಂದೆ ತುಂಬಿದ ಮಾಲು. ಒಬ್ಬರ ಕೈಯಲ್ಲಿ ಸ್ಟೀರಿಂಗ್, ಇನ್ನೊಬ್ಬರ ಕೈಯಲ್ಲಿ ಗೇರು, ಬ್ರೇಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತಲೇ ಆಡಬೇಕು.

"ಬ್ರೇಕ್ ಹಾಕ್ರೀ! ಬ್ರೇಕ್!"

"ಹಾಕೇನ್ರೀ! ನೀವು ಎಡಕ್ಕ ತಿರುವ್ರಿ!"

"ಎಡ ಅಂದ್ರ ನಿಮ್ಮ ಎಡಾನೋ, ನನ್ನ ಎಡಾನೋ?"

"ಲಾರಿ ಒಂದ ಐತ್ರಿ! ಎಡಾನೂ ಒಂದ ಐತಿ!"

ಲಾರಿ ಕಂದಕಕ್ಕೆ ಬಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗೇ ಒಂದು ವಾರ. ಪ್ರತಿ ಸಂಜೆ ಏಳಕ್ಕೆ, ಬಸಯ್ಯ ಮಠಕ್ಕೆ ಹೋದ ಹೊತ್ತಿನಲ್ಲಿ. ಅವನ ಸೋಯಾಬೀನ್ ಹೊಲ, ಅವಳ ಗಿರಾಕಿಗಳ ತರಲೆ, ಅವನಿಗೆ ಸೇರದ ಹಾಗಲಕಾಯಿ, ಅವಳಿಗೆ ಸೇರದ ಬೆಳಗಿನ ಐದು ಗಂಟೆ... ಎಲ್ಲ ಬಂದುಹೋಯಿತು. ಒಂದು ಮಾತು ಮಾತ್ರ ಅವಳ ಗಂಟಲಲ್ಲೇ ಉಳಿಯಿತು.

'ಕೇಳಿದ ಮ್ಯಾಲ ಇಂವಾನೂ ಅವರಿಬ್ಬರ ಹಂಗ ಅಂದ್ರ?' ಅವಳಿಗೆ ಹೆದರಿಕೆ. ಮೊದಲಿನ ಇಬ್ಬರನ್ನು ಕಳೆದುಕೊಂಡಾಗ ಏನೂ ಅನಿಸಿರಲಿಲ್ಲ. ಇವನನ್ನು ಕಳೆದುಕೊಳ್ಳುವುದನ್ನು ನೆನೆದರೇ ಎದೆ ಭಾರವಾಗುತ್ತಿತ್ತು.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿಯ ಮುಂದೆ ಬಾಯಿ ಬಿಟ್ಟಳು.

"ಆಯೀ, ನಾಳೆ ಸಂಜಿಗೆ ಅಂಗಡಿ ವಿಷಯ ಕೇಳಿಬಿಡತೇನಿ."

"ಕೇಳವ್ವಾ. ಒಳ್ಳೇ ಮಾತ ಬರತೈತಿ ನೋಡು," ಎಂದಳು ಸೋಮವ್ವ. ಆಮೇಲೆ ಬಹಳ ಹೊತ್ತು ಏನೋ ಯೋಚಿಸುತ್ತ ರೊಟ್ಟಿ ಮುರಿದಳು.

ಮರುದಿನ ಸಂಜೆ ಲಾರಿ ಅರ್ಧ ಘಟ್ಟ ಹತ್ತಿತ್ತು. ಕೆಳಗೆ ದೇವರ ಮುಂದೆ ಅಜ್ಜಿ ದೀಪ ಹಚ್ಚಿದ ಎಣ್ಣೆಯ ವಾಸನೆ ಮೇಲಕ್ಕೆ ಬಂತು. ಗಡಿಯಾರ ಏಳೂಕಾಲು ತೋರಿಸುತ್ತಿತ್ತು.

"ಒಂದ ಮಾತ ಕೇಳಲೇನ್ರೀ?"

"ಕೇಳ್ರಿ."

"ಮದುವಿ ಆದ ಮ್ಯಾಲ... ನನ್ನ ಅಂಗಡಿ?"

ಆ ಕಡೆಯಿಂದ ಅವನ ದನಿ, ಒಡೆದು ಒಡೆದು...

"ಅದು... ಅವ್ವನ್ನ ಕೇಳ... ಅವ್ವ ಅಂ..."

ಕರ್ರ್... ಮೌನ. ಪರದೆಯ ಮೇಲೆ ಒಂದು ಸಾಲು ಮೂಡಿತು: 'ನಿಮ್ಮ ಜೊತೆಗಾರರು ಆಟ ಬಿಟ್ಟು ಹೋಗಿದ್ದಾರೆ.'

ರಾಜೇಶ್ವರಿ ಆ ಸಾಲನ್ನೇ ನೋಡುತ್ತ ಕುಳಿತಳು.

'ಅವ್ವನ್ನ ಕೇಳಬೇಕು ಅಂದು ಎದ್ದ ಹೋದ್ನಲ್ಲ!'

ಆಟದೊಳಗೇ ಒಂದು ಸಂದೇಶ ಬರೆಯಬಹುದಿತ್ತು. ಆದರೆ ಕೋಪ ಬಂದಾಗ 'ಮೊದಲು ಅವರೇ ಬರೆಯಲಿ' ಎನಿಸುತ್ತದೆ ನೋಡಿ. ಇವಳಿಗೂ ಅನಿಸಿತು. ಚಚಡಿಯಲ್ಲಿ ಅವನಿಗೂ ಅದೇ ಅನಿಸಿತು ಎಂಬುದು ಇವಳಿಗೆ ಹೇಗೆ ಗೊತ್ತಾಗಬೇಕು?

ಮರುದಿನ ಸಂಜೆ ಇಬ್ಬರೂ ಬಿಗುಮಾನದಲ್ಲೇ ಆಡಿದರು. 'ಎಡಕ್ಕ', 'ಬಲಕ್ಕ' ಬಿಟ್ಟರೆ ಮಾತಿಲ್ಲ. ಕೊನೆಗೆ ಅವಳೇ ತಡೆಯಲಾರದೆ ಕೇಳಿದಳು.

"ನಿನ್ನಿ ಕೇಳಿದ್ದಕ್ಕ ಉತ್ತರ ಬರಲಿಲ್ಲ."

"ಹೇಳತೇನ್ರಿ. ಆದ್ರ ಇವತ್ತರ ಪೂರ್ತಿ ಕೇಳ್ರಿ. ನಮ್ಮವ್ವ..."

ಕರ್ರ್... ಅದೇ ಸಾಲು. ಅದೇ ಏಳೂಕಾಲು.

ಮೂರನೆಯ ಸಂಜೆಯೂ ಹಾಗೇ ಆಯಿತು. ಈ ಸಲ ರಾಜೇಶ್ವರಿ ಹೆಡ್‌ಫೋನನ್ನು ಹಾಸಿಗೆಯ ಮೇಲೆ ಎಸೆದು ಅತ್ತುಬಿಟ್ಟಳು. ಊರಿನವರ ಮನೆಮನೆಗೆ ಹೋಗಿ 'ಮೊದಲ ವೈರ್ ನೋಡ್ರಿ, ಆಮ್ಯಾಲ ಮಂದೀಗೆ ಬೈರಿ' ಎನ್ನುವ ಈ ಜಾಣೆಗೆ ತನ್ನ ಸರದಿ ಬಂದಾಗ ವೈರಿನ ನೆನಪೇ ಆಗಲಿಲ್ಲ. ಅಷ್ಟಕ್ಕೂ ಅವಳ ಮನೆಯಲ್ಲಿ ವೈರ್ ಎಲ್ಲಿತ್ತು? ಎಲ್ಲರಿಗೂ ವೈರ್ ಎಳೆಯಿರಿ ಎಂದು ಬುದ್ಧಿ ಹೇಳುತ್ತ, ತಾನು ಮಾತ್ರ ನಾಳೆ ನಾಳೆ ಎಂದು ವೈಫೈ ಮೇಲೇ ದಿನ ತಳ್ಳುತ್ತಿದ್ದಳು.

ಶುಕ್ರವಾರ ರಾತ್ರಿ ಅಪ್ಪನಿಗೆ ಹೇಳಿದಳು.

"ಅಪ್ಪಾ, ಚಚಡಿ ಸಂಬಂಧ ಬ್ಯಾಡ."

ಬಸಯ್ಯ ಮಗಳ ಕೆಂಪಾದ ಕಣ್ಣು ನೋಡಿದರು. "ನಿನಗ ಬ್ಯಾಡ ಅಂದ್ರ ನನಗೂ ಬ್ಯಾಡವ್ವಾ. ಐತವಾರ ಮುಂಜಾನೆ ಫೋನ್ ಮಾಡಿ ಹೇಳತೇನಿ," ಎಂದರು.

ಸೋಮವ್ವ ಮಾತ್ರ ದೇವರ ಕಡೆ ನೋಡಿ ಕೈಮುಗಿದಳು. ನಾಳೆಯ ಒಂದು ಸಂಜೆ ಇನ್ನೂ ಇತ್ತು.

ಶನಿವಾರ ಬೆಳಿಗ್ಗೆ. ರಾಜೇಶ್ವರಿ ಟಿವಿಯ ಬೆನ್ನು ಬಿಚ್ಚಿ ಕುಳಿತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು.

"ಕಂಪ್ಲೇಂಟ್ ಬರಸಬೇಕಾಗೈತ್ರಿ."

ಆ ದನಿ! ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿತು. ತಲೆ ಎತ್ತಲಿಲ್ಲ ಅವಳು. ಗಿರಾಕಿಗಳ ಪುಸ್ತಕ ಎಳೆದುಕೊಂಡಳು.

"ಹೆಸರು?"

"ಬಸವಲಿಂಗ. ಊರು ಚಚಡಿ."

"ತ್ರಾಸ ಏನೈತಿ?"

"ದಿನಾ ಸಂಜಿ ಏಳೂಕಾಲಕ್ಕ ಜೊತಿಗಿದ್ದವ್ರು ಆಟ ಬಿಟ್ಟ ಹೊಕ್ಕಾರ್ರಿ. ನಾ ಉತ್ತರ ಹೇಳಾಕ ಬಾಯಿ ತಗದಕೂಡ್ಲೇ ಹೊಕ್ಕಾರ. ಮೂರ ದಿನ ಆತು. ಊಟ ಸೇರವಲ್ದು."

ರಾಜೇಶ್ವರಿ ಎದ್ದುನಿಂತಳು. ಕೆನ್ನೆ ಕೆಂಪಾಗಿತ್ತು.

"ಬಿಟ್ಟ ಹೋದಾಂವ ನೀವು! ನನ್ನ ಟಿವಿ ಮ್ಯಾಲ ಬರದ ಬಂದೈತಿ. ಜೊತೆಗಾರರು ಬಿಟ್ಟು ಹೋಗಿದ್ದಾರೆ ಅಂತ. ಮೂರೂ ದಿನ!"

ಬಸವಲಿಂಗ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಅವನ ಮನೆಯ ಟಿವಿ, ಘಟ್ಟದಲ್ಲಿ ನಿಂತ ಅದೇ ಲಾರಿ. ಅದರ ಮೇಲೆ ಅದೇ ಸಾಲು.

'ನಿಮ್ಮ ಜೊತೆಗಾರರು ಆಟ ಬಿಟ್ಟು ಹೋಗಿದ್ದಾರೆ.'

ಅವಳು ಅದನ್ನು ಎರಡು ಸಲ ಓದಿದಳು. ಲೈನ್ ಕಡಿದರೆ ಯಂತ್ರಕ್ಕೆ ಹೋದವರಾರು, ಉಳಿದವರಾರು ಎಂಬುದು ತಿಳಿಯುವುದಿಲ್ಲ. ಎರಡೂ ಕಡೆ ಒಂದೇ ಮಾತು ಹೇಳಿ ಕೈತೊಳೆದುಕೊಳ್ಳುತ್ತದೆ. ಇದು ಗೊತ್ತಿಲ್ಲದವಳೇ ತಾನು? ನೂರು ಗಿರಾಕಿಗಳಿಗೆ ಹೇಳಿದ್ದಳಲ್ಲ!

ಮೂಲೆಯಲ್ಲಿ ರಿಮೋಟ್ ಬಿಚ್ಚುತ್ತಿದ್ದ ಶಬನಮ್‌ಗೆ ತಡೆಯಲಾಗಲಿಲ್ಲ.

"ಅಯ್ಯ ರಾಜೀ! ಎರಡೂ ತುದಿ ನೋಡಲ್ದ ಯಾರ್ದೂ ತಪ್ಪ ಅನ್ನಬಾರ್ದು ಅಂತ ನನಗ ದಿನಾ ಬೈತಿದ್ದಿ. ನಿನ್ನ ತುದಿ ನೋಡಿದೇನ?"

ನೋಡಿರಲಿಲ್ಲ.

"ನನ್ನ ತುದಿ ನಾ ನೋಡೇನ್ರಿ," ಎಂದ ಬಸವಲಿಂಗ. "ನೀವು ಹೇಳಿದಂಗ ವೈರ್ ಎಳದೇನಿ. ಸೆಟ್ಟಿಂಗ್ ಮಾಡೇನಿ. ಯರಗಟ್ಟಿಯ ಗೆಳೆಯಾನ ಜೋಡಿ ಎರಡ ತಾಸ ಆಡಿ ನೋಡೇನಿ, ಒಮ್ಮೆನೂ ಕಡೀಲಿಲ್ಲ."

ರಾಜೇಶ್ವರಿಯ ದನಿ ಸಣ್ಣಗಾಯಿತು. "ಹಂಗಾರ... ನನ್ನ ಪ್ರಶ್ನೆಗೆ ಉತ್ತರ ಏನು? ಇಲ್ಲೇ ಹೇಳಿಬಿಡ್ರಿ."

"ಇಲ್ರಿ. ಅದು ನಾನೊಬ್ಬಾಂವ ಹೇಳೂ ಮಾತಲ್ಲ. ಸಂಜಿ ಏಳಕ್ಕ ಬರ್ರಿ. ಅವ್ವನ್ನ ಬಾಜೂಕ ಕುಂದ್ರಿಸಿಕೊಂಡಿರತೇನಿ. ಅವಳ ಬಾಯಿಂದನ ಕೇಳ್ರಿ."

ಅವನು ಹೊರಟುಹೋದ. ರಾಜೇಶ್ವರಿ ಜಾರಿದ ಸ್ಕ್ರೂಡ್ರೈವರ್ ಹುಡುಕುತ್ತ ಯೋಚಿಸಿದಳು. 'ಅವರ ಅವ್ವನೇ ಹೇಳುತ್ತಾರೆ ಎಂದರೆ... ಬೇಡ ಎಂದೇ ಇರಬೇಕು. ಹುಡುಗರು ಹೇಳಲಾರದ್ದನ್ನೇ ತಾಯಂದಿರ ಬಾಯಿಂದ ಹೇಳಿಸುತ್ತಾರೆ...'

ಆದರೂ ಸಂಜೆ ಏಳಕ್ಕೆ ಕುಳಿತಳು. ಇವತ್ತು ಒಂದು ಬದಲಾವಣೆ ಮಾಡಿಕೊಂಡಿದ್ದಳು. ಲೈನ್ ಕಡಿದ ಕೂಡಲೇ ಅಳುತ್ತ ಕೂಡುವುದಿಲ್ಲ, ಕೆಳಗೆ ಓಡಿ ರೂಟರಿನ ದೀಪ ನೋಡುವುದು. ಹೊಸ ಗಿರಾಕಿಯ ಮನೆಯಲ್ಲಾದರೆ ಮೊದಲ ದಿನವೇ ಮಾಡುತ್ತಿದ್ದ ಕೆಲಸ. ಚಚಡಿಯಿಂದ ದನಿ ಬಂದಾಗ ಏಳೂಕಾಲಾಗುತ್ತ ಬಂದಿತ್ತು.

"ಕೇಳಸ್ತೈತೇನ್ರಿ? ಅವ್ವ ಇಲ್ಲೇ ಅದಾಳ. ಅವಳಿಗೂ ಕೇಳಸ್ಲಿ ಅಂತ ಟಿವಿ ಸೌಂಡ್ ಹಚ್ಚೇನಿ," ಎಂದ ಬಸವಲಿಂಗ.

"ಕೇಳಸ್ತೈತ್ರಿ. ನಮಸ್ಕಾರ್ರಿ ಅತ್ಯಾರ..." ಬಾಯಿತಪ್ಪಿ ಬಂದ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡಳು.

"ನಮಸ್ಕಾರವ್ವಾ," ಎಂದಿತು ಹೆಂಗಸಿನ ಮೆದು ದನಿ. ಬಸವಲಿಂಗನ ತಾಯಿ ಸಾವಂತ್ರೆವ್ವ. "ನೋಡು, ನೀ ಕೇಳಿದ್ದಕ್ಕ ನಾ..."

ಕರ್ರ್...

ರಾಜೇಶ್ವರಿ ಹೆಡ್‌ಫೋನ್ ಕಿತ್ತು, ಮೆಟ್ಟಿಲಿಳಿದು ಪಡಸಾಲೆಗೆ ಧಾವಿಸಿದಳು.

ಪಡಸಾಲೆಯ ದಪ್ಪ ಕಲ್ಲುಗೋಡೆಯಲ್ಲಿ ಒಂದು ಗೂಡು. ಅದರೊಳಗೇ ರೂಟರ್ ಇಟ್ಟದ್ದು. ಈಗ ರೂಟರ್ ಕಾಣುತ್ತಲೇ ಇರಲಿಲ್ಲ! ಗೂಡಿನ ಬಾಯಿಗೆ ಸರಿಯಾಗಿ ದೊಡ್ಡ ತಾಮ್ರದ ಕೊಡ. ಕುತ್ತಿಗೆಯವರೆಗೆ ನೀರು, ಮೇಲೆ ಐದು ವೀಳ್ಯದೆಲೆ, ಹೊಟ್ಟೆಗೆ ವಿಭೂತಿ, ಕುಂಕುಮ. ಅದರ ಮುಂದೆ ಕಣ್ಣು ಮುಚ್ಚಿ ಕೈಮುಗಿದು ನಿಂತ ಸೋಮವ್ವ.

"ಆಯೀ! ಏನಿದು?"

ಸೋಮವ್ವ ಬೆಚ್ಚಿ ಕಣ್ಣು ತೆರೆದಳು. "ಯಾಕವ್ವಾ ಇಷ್ಟ ಲಗೂ ಇಳದ ಬಂದಿ? ಮಾತ ಮುಗೀತೇನು?"

"ಈ ಕೊಡಾ ಯಾಕ ಇಲ್ಲಿ?"

"ಒಳ್ಳೇ ಕೆಲಸಕ್ಕ ಬರವ್ರಿಗೆ ತುಂಬಿದ ಕೊಡ ಎದುರ ಬರಬೇಕಲ್ಲವ್ವಾ... ಚಚಡಿ ಹುಡುಗನ ಮಾತು ಈ ಡಬ್ಬಿಯಾಗಿಂದನ ಮನಿಗೆ ಬರತೈತಿ ಅಂತ ನೀನ ಹೇಳಿದ್ದಿ. ಅಂಗಡಿ ಮಾತ ಕೇಳತೇನಿ ಅಂದೆಲ್ಲಾ, ಅವತ್ತಿಂದ ಬೇಡಿಕೊಂಡೇನಿ. ದಿನಾ ದೀಪ ಹಚ್ಚಿದ ಮ್ಯಾಲ ಮಾತಿಗೆ ಎದುರ ಇಡತೇನಿ. ನೀ ಇಳದ ಬರೂದ್ರಾಗ ತಗದು ದಾಸಾಳ ಗಿಡಕ್ಕ ಹಾಕತೇನಿ."

ರಾಜೇಶ್ವರಿ ದಂಗಾಗಿ ನಿಂತಳು. ಮೂರು ಕಡೆ ಕಲ್ಲು, ನಾಲ್ಕನೆಯ ಕಡೆ ತಾಮ್ರ, ತಾಮ್ರದೊಳಗೆ ಕೊಡದ ತುಂಬ ನೀರು. ವೈಫೈ ಅಲ್ಲಿಂದ ಮಾಳಿಗೆ ಹತ್ತುವುದಾದರೂ ಹೇಗೆ?

ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಆಯೀ... ಇದರಿಂದನ ಲೈನ್ ಕಡೀಲಿಕತ್ತಿತ್ತು!"

ಸೋಮವ್ವನ ಮುಖ ಬಿಳಿಚಿತು. "ನಾನ ಕೆಡಿಸಿದೆನೇನವ್ವಾ? ನಿನ್ನ ಬಾಳ್ವೆ ನಾನ..."

ರಾಜೇಶ್ವರಿ ಅಜ್ಜಿಯನ್ನು ಬಾಚಿ ತಬ್ಬಿಕೊಂಡಳು. "ಏನೂ ಕೆಟ್ಟಿಲ್ಲ ಆಯಿ. ನನಗಾಗಿ ಇಷ್ಟು ಬೇಡಿಕೊಂಡೀಯಲ್ಲ... ಅದಕ್ಕ ಬಂಗಾರದಂಥಾ ಮಾತ ಬರತಾವು. ಈಗ ಕೊಡ ಅಷ್ಟ ಸರಸೂಣು."

ಇಬ್ಬರೂ ಸೇರಿ ಎತ್ತಿದರು. ಅರ್ಧ ನೀರು ಇವಳ ಚೂಡಿದಾರದ ಮೇಲೆ ಬಿತ್ತು. ಗೂಡಿನೊಳಗೆ ರೂಟರಿನ ಹಸಿರು ದೀಪಗಳು ಕಂಡವು. ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಓಡಿದಳು.

ಮತ್ತೆ ಸೇರಿಕೊಂಡಾಗ ಲಾರಿ ಘಟ್ಟದಲ್ಲೇ ನಿಂತಿತ್ತು. ಬಸವಲಿಂಗ ಕಾಯುತ್ತಿದ್ದ.

"ಬಂದ್ರೇನ್ರೀ? ನಿಜವಾಗ್ಲೂ ಬಂದ್ರೇನು?"

"ಬಂದೇನ್ರಿ. ತಪ್ಪ ನನ್ನ ತುದಿಯಾಗ ಇತ್ತು. ಆಮ್ಯಾಲ ಹೇಳತೇನಿ. ಮೊದಲ ಅತ್ಯಾರ ಮಾತ ಕೇಳಸ್ರಿ."

ಸಾವಂತ್ರೆವ್ವನ ದನಿ ಈಗ ಎದುರಿಗೇ ಕುಳಿತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

"ನಾ ಮದುವಿ ಆಗಿ ಈ ಮನಿಗೆ ಬರುವಾಗ ನನ್ನ ಹೊಲಿಗಿ ಮಷಿನ್ ತವರಾಗ ಬಿಟ್ಟ ಬಂದೆ ತಂಗಿ. ಓಣಿ ಹೆಣ್ಮಕ್ಕಳ ಕುಪ್ಪಸ ಎಲ್ಲಾ ನಾನ ಹೊಲೀತಿದ್ದೆ. ಬಿಟ್ಟ ಬಾ ಅಂತ ಇಲ್ಲಿ ಯಾರೂ ಅನ್ನಲಿಲ್ಲ. ತಗೊಂಡ ಬಾ ಅಂತನೂ ಯಾರೂ ಅನ್ನಲಿಲ್ಲ. ಯಾರೂ ಅನ್ನಲಿಲ್ಲಂತ ನಾನೂ ಸುಮ್ಮನಾದೆ. ಮೂವತ್ತ ವರ್ಷ ಆತು, ಈಗೂ ಯಾರ್ದರ ಮನಿಯಾಗ ಮಷಿನ್ ಸಪ್ಪಳ ಕೇಳಿದ್ರ ಕಾಲ ನಿಂತಬಿಡತಾವು. ಅದಕ್ಕ ನಾ ಬಾಯಿ ಬಿಟ್ಟ ಹೇಳತೇನಿ. ಅಂಗಡಿ ಬಿಡಬ್ಯಾಡ. ನಿನ್ನ ಅಂಗಡಿ ನಿಂದು."

ರಾಜೇಶ್ವರಿಯ ಕಣ್ಣೀರು ಧಾರೆಯಾಗಿ ಇಳಿಯಿತು.

"ಮೊದಲನೇ ದಿನಾನೂ ಇದನ್ನ ಹೇಳಾಕ ಹತ್ತಿದ್ದೆ," ಎಂದ ಬಸವಲಿಂಗ ಮೆಲ್ಲಗೆ. "ಅವ್ವನ್ನ ಕೇಳೇನಿ, ಅವ್ವ ಅಂಗಡಿ ಬಿಡಬ್ಯಾಡ ಅಂದಾಳ ಅಂತ. ಇಲ್ಲಿಂದ ನಿಮ್ಮ ಅಂಗಡಿಗೆ ಬಸ್ಸಿನ ಟೈಮೂ ವಿಚಾರಿಸೇನ್ರಿ. ಮುಂಜಾನೆ ಒಂಬತ್ತರದ್ದು ಹೋಗಾಕ ಚಲೋ ಐತಿ. ಸಂಜಿದು ತಪ್ಪಿದ್ರ ನಾ ಗಾಡಿ ತಗೊಂಡ ಬರತೇನಿ. ನಿಮಗ ಐದಕ್ಕ ಏಳೂದು ಸೇರೂದಿಲ್ಲ, ಅದಕ್ಕ ಚಾ ನಾನ ಮಾಡತೇನಿ."

ಅಷ್ಟರಲ್ಲಿ ಕೆಳಗೆ ಬಾಗಿಲು ಸದ್ದಾಯಿತು. ಬಸಯ್ಯ ಮಠದಿಂದ ಬಂದಿದ್ದರು. ರಾಜೇಶ್ವರಿಗೆ ಒಮ್ಮೆಲೇ ನೆನಪಾಯಿತು. ನಾಳೆ ಬೆಳಿಗ್ಗೆ ಫೋನ್!

ಕುಳಿತಲ್ಲಿಂದಲೇ ಬಾಗಿಲ ಕಡೆ ತಿರುಗಿ ಕೂಗಿದಳು.

"ಅಪ್ಪಾ! ಚಚಡಿಯವ್ರಿಗೆ ಬ್ಯಾಡ ಅನ್ನಬ್ಯಾಡ್ರಿ!"

"ಯಾಕವ್ವಾ? ನಿನ್ನಿ ನೀನ ಬ್ಯಾಡ ಅಂದೆಲ್ಲಾ?"

"ನಿನ್ನಿ ತಪ್ಪ ತಿಳಕೊಂಡಿದ್ದೆ. ನನಗ ಅವ್ರ ಬೇಕಪ್ಪಾ! ಅವ್ರನ್ನ ಬಿಟ್ಟ ಬ್ಯಾರೆ ಯಾರನ್ನೂ ಮದುವಿ ಮಾಡಕೊಳ್ಳಂಗಿಲ್ಲ!"

ಕೆಳಗಿನಿಂದ ಬಸಯ್ಯನವರ ನಗು ಕೇಳಿಸಿತು. ಕಿವಿಯೊಳಗೆ ಇನ್ನೊಂದು ನಗು ಕೇಳಿಸಿತು. ಆಗ ಅವಳ ಕೈ ಹೆಡ್‌ಫೋನಿನ ಮೈಕಿಗೆ ತಾಗಿತು. ಚಾಲೂ ಇತ್ತು!

"ರಾಜೇಶ್ವರಿ ಅವ್ರ..." ಎಂದ ಬಸವಲಿಂಗ.

"ಕೇಳಿಸ್ತೇನ್ರೀ?"

"ಎಲ್ಲಾ ಕೇಳಿಸ್ತು. ನನಗೊಬ್ಬಗ ಅಲ್ಲ..."

"ನನಗೂ ಕೇಳಿಸ್ತು ತಂಗಿ," ಎಂದರು ಸಾವಂತ್ರೆವ್ವ. "ಸ್ವಚ್ಛ ಕೇಳಿಸ್ತು. ನಾ ಎದ್ದ ಒಳಗ ಹೊಕ್ಕೇನಿ, ನೀವು ಮಾತಾಡ್ರಿ."

ರಾಜೇಶ್ವರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬಹಳ ಹೊತ್ತು ಯಾರ ಕಡೆಯಿಂದಲೂ ಮಾತಿಲ್ಲ.

"ಮತ್ತ ಲೈನ್ ಕಡೀತೇನ್ರಿ?" ಅವನು ಗಾಬರಿಯಿಂದ ಕೇಳಿದ.

"ಇಲ್ರಿ... ಇಲ್ಲೇ ಅದೇನಿ. ನಾಚಿಕಿ ಬಂದೈತಿ, ಅದಕ್ಕ ಮಾತ ಹೊರಡವಲ್ದು."

"ಹಂಗಾರ ಮಾತಾಡಬ್ಯಾಡ್ರಿ. ಸುಮ್ಮನ ಇರ್ರಿ. ನಾನೂ ಸುಮ್ಮನ ಇರತೇನಿ."

"ಬಿಟ್ಟ ಹೋಗಂಗಿಲ್ಲಲ್ಲ?"

"ಇಲ್ಲ ರಾಜೀ... ಎಲ್ಲೂ ಹೋಗಂಗಿಲ್ಲ."